ಗುದನಾಳದ ಕ್ಯಾನ್ಸರ್: ಒಂದು ಕತ್ತರಿಯ ದಾರಿಯ ಚರಿತ್ರೆ



ಗುದನಾಳದ ಕ್ಯಾನ್ಸರ್ ನಮ್ಮ ಮನೆಗಳಲ್ಲಿ ಬಾಯಿಬಿಟ್ಟು ಹೇಳುವ ಕಾಯಿಲೆಯಲ್ಲ. 'ಹೊಟ್ಟೆಯ ಆಪರೇಷನ್' ಎಂದು ಮಾತು ಮುಗಿಸುತ್ತೇವೆ. ರಕ್ತ ಬೀಳುವುದನ್ನು ಮೂಲವ್ಯಾಧಿಯೆಂದು ಬಗೆದು ತಿಂಗಳುಗಟ್ಟಲೆ ಮುಚ್ಚಿಡುವವರೂ ಉಂಟು. ಆ ಸಂಕೋಚವನ್ನು ಬದಿಗಿರಿಸಿ, ಇದರ ಶಸ್ತ್ರಚಿಕಿತ್ಸೆ ಬೆಳೆದುಬಂದ ಬಗೆಯನ್ನು ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ಹೈಸ್ಕೂಲಿನಲ್ಲಿ ಪಾಠ ಹೇಳಿದವನು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಅರ್ನೆಸ್ಟ್ ಮೈಲ್ಸ್ ಎಂಬ ಶಸ್ತ್ರವೈದ್ಯರು, ಅಂದಿನ ರೂಢಿಯಂತೆ, ಗೆಡ್ಡೆಯನ್ನು ಕೆಳಗಿನಿಂದಲೇ ಕತ್ತರಿಸಿ ತೆಗೆಯುತ್ತಿದ್ದರು. ಅವರು ಮಾಡಿದ ಒಂದು ದೊಡ್ಡ ಕೆಲಸವೆಂದರೆ, ತಮ್ಮ ರೋಗಿಗಳನ್ನು ಬಿಡದೆ ಲೆಕ್ಕವಿಟ್ಟದ್ದು. 57 ಮಂದಿಯಲ್ಲಿ 54 ಮಂದಿಗೆ ರೋಗ ಮರುಕಳಿಸಿತ್ತು! ಸತ್ತವರ ದೇಹಗಳನ್ನು ಪರೀಕ್ಷಿಸಿದಾಗ, ಕ್ಯಾನ್ಸರ್ ಮೇಲ್ಮುಖವಾಗಿ, ಕತ್ತರಿ ಮುಟ್ಟದ ಕಡೆಯಲ್ಲಿ ಹಬ್ಬಿದ್ದು ಕಂಡಿತು. 1908ರಲ್ಲಿ ಅವರು ಹೊಟ್ಟೆಯಿಂದಲೂ ಕೆಳಗಿನಿಂದಲೂ ಗುದನಾಳವನ್ನು ಪೂರ್ತಿಯಾಗಿ ತೆಗೆಯುವ ವಿಧಾನವನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಮೊದಲ 12 ಮಂದಿಯಲ್ಲಿ 5 ಮಂದಿ ಶಸ್ತ್ರಚಿಕಿತ್ಸೆಯಿಂದಲೇ ತೀರಿಕೊಂಡರು. ಉಳಿದವರು ಜೀವಮಾನವಿಡೀ ಹೊಟ್ಟೆಯ ಮೇಲಿನ ರಂಧ್ರದಿಂದಲೇ ಮಲವಿಸರ್ಜನೆ ಮಾಡಬೇಕಾಯಿತು. ಆದರೂ ಮುಂದಿನ ಹಲವು ದಶಕಗಳ ಕಾಲ ಇದೇ ದಾರಿಯಾಗಿತ್ತು.

ರೋಗವು ಕೆಳಮುಖವಾಗಿ ಹೆಚ್ಚು ದೂರ ಹಬ್ಬುವುದು ವಿರಳವೆಂದು ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಡ್ಯೂಕ್ಸ್ ಮುಂತಾದವರು 1930ರ ದಶಕದಲ್ಲಿ ತೋರಿಸಿದರು. ಹಾಗಿದ್ದಲ್ಲಿ ಗುದದ್ವಾರವನ್ನು ಏಕೆ ಬಲಿಕೊಡಬೇಕು? ಅಮೆರಿಕದ ಮೇಯೋ ಕ್ಲಿನಿಕ್ಕಿನ ಡಿಕ್ಸನ್ 1948ರಲ್ಲಿ, ಗೆಡ್ಡೆಯ ಭಾಗವನ್ನು ತೆಗೆದು ಕರುಳನ್ನು ಮರಳಿ ಜೋಡಿಸಿದ 400 ರೋಗಿಗಳ ಫಲಿತಾಂಶವನ್ನು ಪ್ರಕಟಿಸಿದರು. ಶಸ್ತ್ರಚಿಕಿತ್ಸೆಯಿಂದ ಸತ್ತವರು ಶೇಕಡ 2.6 ಮಾತ್ರ.

ಆದರೆ ಸೊಂಟದ ಗುಳಿಯಲ್ಲಿಯೇ ರೋಗ ಮತ್ತೆ ಹುಟ್ಟುವುದು ನಿಲ್ಲಲಿಲ್ಲ. ಇದರ ಕಾರಣವನ್ನು ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್ ಊರಿನ ಬಿಲ್ ಹೀಲ್ಡ್ 1982ರಲ್ಲಿ ಎತ್ತಿ ತೋರಿಸಿದರು. ಕಿತ್ತಳೆಯ ತೊಳೆಗಳನ್ನು ಬಿಡಿಸುವುದನ್ನು ನೆನೆಯಿರಿ. ನಡುವಣ ಪೊರೆಯ ದಾರಿ ಹಿಡಿದರೆ ರಸ ಚೆಲ್ಲದು. ಗುದನಾಳವನ್ನು ಸುತ್ತಿರುವ ಕೊಬ್ಬಿನ ಹೊದಿಕೆಗೂ ಸೊಂಟದ ಗೋಡೆಗೂ ನಡುವೆ ರಕ್ತನಾಳಗಳು ಇಲ್ಲವೆನ್ನುವಷ್ಟು ಕಡಿಮೆಯಿರುವ ಅಂತಹದೇ ಒಂದು ಪದರವಿದೆ. ಕೈಹಾಕಿ ಬಿಡಿಸುತ್ತಿದ್ದಾಗ ಹೊದಿಕೆ ಹರಿದು, ಕ್ಯಾನ್ಸರಿನ ಕಣಗಳಿದ್ದ ಚೂರುಗಳು ಒಳಗೇ ಉಳಿಯುತ್ತಿದ್ದವು. ಕಣ್ಣಿಗೆ ಕಾಣುವಂತೆ, ಹರಿತವಾದ ಕತ್ತರಿಯಿಂದ, ಹೊದಿಕೆಯನ್ನು ಇಡಿಯಾಗಿ ತೆಗೆಯಿರಿ ಎಂದರು ಹೀಲ್ಡ್. 1986ರಲ್ಲಿ ಅವರು ಕೊಟ್ಟ ಲೆಕ್ಕ ಇದು: 5 ವರ್ಷಗಳಲ್ಲಿ ಸ್ಥಳೀಯ ಮರುಕಳಿಕೆ ಶೇಕಡ 3.7.

ಒಬ್ಬನ ಕೈಚಳಕವಿರಬೇಕೆಂದು ಹಲವರು ನಂಬಲಿಲ್ಲ. ಸಂದೇಹ ನ್ಯಾಯವೇ ಆಗಿತ್ತು. ಹೀಲ್ಡ್ ದೇಶದೇಶಗಳಲ್ಲಿ ಶಸ್ತ್ರಕ್ರಿಯೆ ಮಾಡಿತೋರಿಸಿ ಕಲಿಸಿದರು (ಈ ಭಾಗವೇ ನನಗೆ ಹೆಚ್ಚು ಪ್ರಿಯ ಎಂದು ಬೇರೆ ಹೇಳಬೇಕೆ?). ಸ್ವೀಡನ್, ನಾರ್ವೆಗಳವರು ಕಲಿತರು. 2001ರಲ್ಲಿ ಪ್ರಕಟವಾದ ಡಚ್ ಪ್ರಯೋಗದಲ್ಲಿ 1,861 ರೋಗಿಗಳಿದ್ದರು. ಈ ವಿಧಾನವೊಂದರಿಂದಲೇ 2 ವರ್ಷಗಳಲ್ಲಿ ಸ್ಥಳೀಯ ಮರುಕಳಿಕೆ ಶೇಕಡ 8.2; ಮೊದಲೇ ವಿಕಿರಣ ಚಿಕಿತ್ಸೆ ಕೊಟ್ಟವರಲ್ಲಿ 2.4. ಆ 2 ವರ್ಷಗಳಲ್ಲಿ ಬದುಕಿದವರ ಪ್ರಮಾಣ ಮಾತ್ರ ಎರಡರಲ್ಲೂ ಸಮಾನ. ಮುಂದೆ ಕೀಹೋಲ್ ಶಸ್ತ್ರಚಿಕಿತ್ಸೆ ಬಂತು. 2015ರ ಯೂರೋಪಿನ ದೊಡ್ಡ ಪ್ರಯೋಗವೊಂದರಲ್ಲಿ 3 ವರ್ಷಗಳ ಸ್ಥಳೀಯ ಮರುಕಳಿಕೆ ತೆರೆದ ವಿಧಾನದಲ್ಲೂ ಕೀಹೋಲಿನಲ್ಲೂ ಶೇಕಡ 5 ಆಗಿತ್ತು.

ಬದುಕಿ ಉಳಿದವರ ದಿನಚರಿಯನ್ನು ಕೇಳುವ ಕೆಲಸ ತಡವಾಗಿ ನಡೆಯಿತು. ಕರುಳನ್ನು ಕೆಳಮಟ್ಟದಲ್ಲಿ ಜೋಡಿಸಿಕೊಂಡ ಹಲವರಿಗೆ ಪದೇಪದೇ ಶೌಚಕ್ಕೆ ಹೋಗಬೇಕಾಗುತ್ತದೆ, ತಡೆಯಲಾಗುವುದಿಲ್ಲ. ಇದನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಡೆನ್ಮಾರ್ಕಿನವರು ರೂಪಿಸಿ 2012ರಲ್ಲಿ ಪ್ರಕಟಿಸಿದರು. ಚೀಲ ತಪ್ಪಿತೆಂದು ಸಂತೋಷಪಡುವ ಮನೆಯವರು ಇದನ್ನು ಮುಂಚೆಯೇ ವೈದ್ಯರಲ್ಲಿ ಕೇಳಿ ತಿಳಿಯುವುದು ಒಳ್ಳೆಯದು. ಸ್ನಾಯುಗಳು ಸೋತ ವೃದ್ಧರಲ್ಲಿ ಕೆಲವರಿಗೆ ಆ ಚೀಲವೇ ನೆಮ್ಮದಿ ಕೊಡುವುದುಂಟು.