ತುದಿಯೋ, ತುಂಡೋ?

ಕಾಪು ಕಡಲತೀರದಲ್ಲಿ ದೋಣಿಯ ಹಗ್ಗ ನೋಡಿರುತ್ತೀರಿ. ಕೊನೆಯನ್ನು ದಾರದಿಂದ ಬಿಗಿಯಾಗಿ ಸುತ್ತಿದ್ದರೆ ಅದು ತುದಿ. ಎಳೆ ಬಿಚ್ಚಿಕೊಂಡಿದ್ದರೆ ಹಗ್ಗ ತುಂಡಾಗಿದೆ ಎಂದು ಲೆಕ್ಕ.

ನಮ್ಮ ಜೀವಕೋಶಕ್ಕೂ ಇದೇ ತಲೆಬಿಸಿ. ಒಳಗೆ 46 ವರ್ಣತಂತುಗಳು, ಅಂದರೆ 92 ತುದಿಗಳು. ಡಿಎನ್‌ಎ ಎಲ್ಲಾದರೂ ತುಂಡಾದರೆ ಕೋಶ ಕೂಡಲೇ ಅಂಟಿಸಲು ಹೊರಡುತ್ತದೆ. ಹಾಗಾದರೆ ಈ 92 ತುದಿಗಳನ್ನು ಮಾತ್ರ ಯಾಕೆ ಮುಟ್ಟುವುದಿಲ್ಲ?

1938ರಲ್ಲಿ ಹರ್ಮನ್ ಮುಲ್ಲರ್ ಹಣ್ಣಿನ ನೊಣಕ್ಕೆ ಎಕ್ಸ್‌-ರೇ ಹಾಯಿಸಿ ನೋಡಿ, ಈ ತುದಿಗೇನೋ ವಿಶೇಷವಿದೆ ಎಂದು 'ಟೆಲೊಮಿಯರ್' ಎಂದು ಹೆಸರಿಟ್ಟರು. ಆಮೇಲೆ ಬಾರ್ಬರಾ ಮೆಕ್ಲಿಂಟಾಕ್ ಮೆಕ್ಕೆಜೋಳದಲ್ಲೂ ಅದನ್ನೇ ಕಂಡರು: ಮುರಿದ ತುದಿಗಳು ಒಂದಕ್ಕೊಂದು ಅಂಟುತ್ತವೆ, ಹುಟ್ಟಿನಿಂದಲೇ ಇದ್ದ ತುದಿ ಅಂಟುವುದಿಲ್ಲ. 1978ರಲ್ಲಿ ಎಲಿಜಬೆತ್ ಬ್ಲ್ಯಾಕ್‌ಬರ್ನ್ ಮತ್ತು ಜೋಸೆಫ್ ಗಾಲ್, ಸಿಹಿನೀರಿನ ಒಂದು ಏಕಕೋಶ ಜೀವಿಯ ತುದಿಯಲ್ಲಿ ಒಂದೇ ಪುಟ್ಟ ಪದ ಮತ್ತೆ ಮತ್ತೆ ಬರೆದಿರುವುದನ್ನು ಓದಿದರು. ಮನುಷ್ಯರಲ್ಲಿ ಆ ಪದ ಟಿಟಿಎಜಿಜಿಜಿ. ಭಜನೆಯ ಪಲ್ಲವಿಯಂತೆ ನೂರಾರು, ಸಾವಿರಾರು ಸಲ.

ಪದ ಇದ್ದರೆ ಸಾಲದು, ಓದುವವರೂ ಬೇಕಲ್ಲ? 1995ರಲ್ಲಿ ಟಿಟಿಯಾ ಡಿ ಲಾಂಗ್ ಅವರ ತಂಡ ಮನುಷ್ಯರಲ್ಲಿ ಅಂಥ ಪ್ರೋಟೀನನ್ನು ಗುರುತಿಸಿತು: ಟಿಆರ್‌ಎಫ್1. ಹೊಸೆದ ಹಗ್ಗದಲ್ಲಿ ಎಳೆಗಳ ನಡುವೆ ತಗ್ಗು ಇರುತ್ತದಲ್ಲ, ಡಿಎನ್‌ಎಯಲ್ಲೂ ಇದೆ. ಪ್ರೋಟೀನಿನ ಒಂದು ತುಣುಕು ಆ ತಗ್ಗಿನಲ್ಲಿ ಬೆರಳಿಟ್ಟಂತೆ ಕೂತು ಅಕ್ಷರಗಳನ್ನು ತಡವಿ ನೋಡುತ್ತದೆ. ಸರಿಯಾದ ಪದ ಸಿಕ್ಕರೆ ಗಟ್ಟಿಯಾಗಿ ಹಿಡಿಯುತ್ತದೆ. ಇದರ ಜೊತೆಗಾರ ಟಿಆರ್‌ಎಫ್2 ಕೂಡ ಹಾಗೆಯೇ. ಒಂಟಿ ಎಳೆಯಾಗಿ ಉಳಿದ ಕೊಟ್ಟಕೊನೆಯನ್ನು ಪಾಟ್1 ಹಿಡಿಯುತ್ತದೆ. 1999ರಲ್ಲಿ ಗೊತ್ತಾದದ್ದು ಇನ್ನೂ ಚೆಂದ: ತುದಿ ಕುಣಿಕೆಯಾಗಿ ಹಿಂದಕ್ಕೆ ಮಡಚಿ, ತನ್ನೊಳಗೇ ತೂರಿ ಅಡಗಿರುತ್ತದೆ!

ಟಿಆರ್‌ಎಫ್2 ಕೆಲಸ ನಿಲ್ಲಿಸಿದರೆ? 1998ರ ಪ್ರಯೋಗದಲ್ಲಿ ವರ್ಣತಂತುಗಳು ತುದಿಗೆ ತುದಿ ಅಂಟಿಕೊಂಡವು. ಅಂಥ ಕೋಶ ಒಡೆದು ಎರಡಾಗುವಾಗ ಎಳೆದಾಟದಲ್ಲಿ ವರ್ಣತಂತು ಹರಿಯಬಹುದು; ಕ್ಯಾನ್ಸರಿಗೆ ದಾರಿಯಾಗುವ ಗೊಂದಲಗಳಲ್ಲಿ ಇದೂ ಒಂದು. ಹೆಚ್ಚಿನ ಕ್ಯಾನ್ಸರ್ ಕೋಶಗಳು ತುದಿ ಬೆಳೆಸುವ ಟೆಲೊಮರೇಸ್ ಎಂಬ ಕಿಣ್ವವನ್ನೂ ಚಾಲೂ ಇಟ್ಟುಕೊಂಡಿರುತ್ತವೆ. 'ಟೆಲೊಮಿಯರ್ ಉದ್ದ ಮಾಡಿ ಯೌವನ ತರುವ ಮಾತ್ರೆ' ಎಂಬ ಫಾರ್ವರ್ಡ್ ಬಂದರೆ ಇದು ನೆನಪಿರಲಿ.

ಈ ಕಥೆಯಲ್ಲಿ ನಮ್ಮ ಬೆಂಗಳೂರೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಮುನಿಯಪ್ಪ ಅವರ ಪ್ರಯೋಗಾಲಯ, ಕಾರ್ಕಳದ ಬೇಕರಿಯಲ್ಲಿ ಬ್ರೆಡ್ ಉಬ್ಬಿಸುವ ಅದೇ ಯೀಸ್ಟನ್ನು ಹಿಡಿದು ಕೂತಿತ್ತು. ರಾಡ್50 ಎಂಬ ಪ್ರೋಟೀನ್ ತುಂಡಾದ ಡಿಎನ್‌ಎ ರಿಪೇರಿಗೆ ಹೆಸರಾದದ್ದು. ಅದು ಕೆಟ್ಟರೆ ಯೀಸ್ಟಿನ ತುದಿಯ ಬರಹವೇ ಬದಲಾಗುತ್ತದೆ, ಕೋಶ ಬೇಗ ಮುಪ್ಪಾಗುತ್ತದೆ ಎಂದು ಅವರು 1997ರಲ್ಲಿ ಪ್ರಕಟಿಸಿದರು. ತುಂಡನ್ನು ಅಂಟಿಸುವವನೇ ತುದಿಯ ಕಾವಲಿಗೂ ಬೇಕು!