ಚೆನ್ನೆಮಣೆಯೂ ಬೀಗದ ಪೆಟ್ಟಿಗೆಯೂ

ತುಳುನಾಡಿನಲ್ಲಿ ಆಟಗಳ ಚರಿತ್ರೆ ಬರೆಯಹೊರಟವರು ಚೆನ್ನೆಮಣೆಯಿಂದಲೇ ಆರಂಭಿಸಬೇಕು. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ಆಟಿ ತಿಂಗಳ ಜಡಿಮಳೆಗೆ ಹೊರಗೆ ಕಾಲಿಡಲಾಗದಾಗ, ತವರಿಗೆ ಬಂದ ಹೆಣ್ಣುಮಕ್ಕಳು ಚಾವಡಿಯಲ್ಲಿ ಕುಳಿತು ಆಡುತ್ತಿದ್ದದ್ದು ಇದನ್ನೇ. ಆದರೆ ಅದು ಒಂದೇ ಆಟವಲ್ಲ, ಹಲವು ಆಟಗಳಿಗೆ ಒದಗುವ ಮಣೆ. ಅರಸಾಟವನ್ನೂ ಆಡಬಹುದು, ಜೊತೆಗಾರ್ತಿ ಇಲ್ಲದವಳು ಒಬ್ಬಳೇ ಸೀತೆಯಾಟವನ್ನೂ ಆಡಬಹುದು. ಮಂಜೊಟ್ಟಿ ಸಿಗದಿದ್ದರೆ ಹುಣಸೆ ಬೀಜವಾದರೂ ಆಯಿತು. ಮಣೆ ಕೆತ್ತಿದ ಆಚಾರಿ ಬಂದು, ‘ನನ್ನ ಮಣೆಯಲ್ಲಿ ನಾನು ಮಾರಿದ ಕಾಯಿಯನ್ನೇ ಹಾಕಬೇಕು’ ಎಂದು ಹೇಳಿದ್ದುಂಟೇ?

ಹಾಗೆಂದು ಅದು ಬರಿಯ ಹೊತ್ತು ಕಳೆಯುವ ಆಟವೂ ಆಗಿರಲಿಲ್ಲ. ಸಿರಿಯ ಪಾಡ್ದನದಲ್ಲಿ ಅಬ್ಬಗೆ ದಾರಗೆ ಎಂಬ ಅವಳಿ ಸಹೋದರಿಯರು ಚೆನ್ನೆಯಾಡುತ್ತಲೇ ಜಗಳವಾಡುತ್ತಾರೆ. ಅಬ್ಬಗೆ ಮಣೆಯಿಂದ ಹೊಡೆದಾಗ ದಾರಗೆ ಸಾಯುತ್ತಾಳೆ, ಅಬ್ಬಗೆ ಬಾವಿಗೆ ಹಾರುತ್ತಾಳೆ. ಒಡಹುಟ್ಟಿದವರು ಎದುರುಬದುರು ಕುಳಿತು ಚೆನ್ನೆಯಾಡಬಾರದೆಂದು ಹಿರಿಯರು ಗದರುತ್ತಿದ್ದದ್ದು ಇದಕ್ಕೇ. ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್‌ಲೆಂಡಿನ ವಿದ್ವಾಂಸ ಲೌರಿ ಹಾಂಕೊ, ನಮ್ಮ ಬಿ. ಎ. ವಿವೇಕ ರೈ ಮತ್ತು ಚಿನ್ನಪ್ಪ ಗೌಡರೊಡನೆ 1990ರಲ್ಲಿ ಧ್ವನಿಮುದ್ರಿಸಿಕೊಂಡರು. 1998ರಲ್ಲಿ ಅದು ಅಚ್ಚಾದಾಗ 15,683 ಸಾಲುಗಳಷ್ಟಿತ್ತು. ಕಟ್ಟುಪಾಡು ಅಂದೂ ಇತ್ತು. ಆದರೆ ಅದನ್ನು ಹಾಕಿದವರು ಆಡುವವರ ಮನೆಯವರು, ಮಾರುವವರಲ್ಲ.

ಈಗ ನಮ್ಮ ಮನೆಗಳ ಟಿ.ವಿ.ಯ ಕೆಳಗೆ ಕುಳಿತಿರುವ ಆಟದ ಪೆಟ್ಟಿಗೆಗೆ ಬರೋಣ. 1983ರಲ್ಲಿ ಅಮೆರಿಕದ ವಿಡಿಯೊ ಗೇಮ್ ವ್ಯಾಪಾರ ಕುಸಿದುಬಿತ್ತು. ಯಾರು ಬೇಕಾದರೂ ಆಟ ಮಾಡಿ ಮಾರಬಹುದಾಗಿದ್ದರಿಂದ ಅಂಗಡಿಗಳಲ್ಲಿ ಕಸದಂಥ ಆಟಗಳು ತುಂಬಿಹೋಗಿದ್ದದ್ದು ಅದಕ್ಕೊಂದು ಕಾರಣ. ಜಪಾನಿನ ನಿಂಟೆಂಡೊ ಕಂಪೆನಿ 1985ರಲ್ಲಿ ಅಲ್ಲಿಗೆ ಹೋದಾಗ ಪೆಟ್ಟಿಗೆಯೊಳಗೆ ಒಂದು ಬೀಗದ ಚಿಪ್ ಇಟ್ಟಿತು. ತಾನು ಒಪ್ಪಿದ ಕ್ಯಾಸೆಟ್ ಅಲ್ಲದೆ ಬೇರೆಯದು ಓಡದು. ಬೀಗ ಹುಟ್ಟಿದ್ದು ಹೀಗೆ, ಮತ್ತು ಅಂದಿಗೆ ಅದರಲ್ಲಿ ಅರ್ಥವೂ ಇತ್ತು ಎನ್ನಬೇಕು.

ನಮ್ಮ ಪೇಟೆಗಳಿಗೆ ತೊಂಬತ್ತರ ದಶಕದಲ್ಲಿ ಬಂದದ್ದು, ಆ ಚಿಪ್ ಇಲ್ಲದ ಜಪಾನಿ ಪೆಟ್ಟಿಗೆಯ ನಕಲುಗಳು. ಕ್ಯಾಸೆಟ್ಟಿನ ಮೇಲೆ 9999 ಆಟಗಳೆಂದು ಬರೆದಿರುತ್ತಿತ್ತು, ಎಣಿಸಿದರೆ ಬೆರಳೆಣಿಕೆಯವೇ ಸರದಿಯಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ಮೋಸವೇ ಸರಿ. ಆದರೂ ಒಂದು ಕ್ಯಾಸೆಟ್ ಇಡೀ ಬೀದಿಯ ಮಕ್ಕಳ ಕೈ ಸುತ್ತಿ ಬರುತ್ತಿತ್ತು, ಅದು ಮೋಸವಾಗಿರಲಿಲ್ಲ.

ಇಂದು ಕ್ಯಾಸೆಟ್ಟಿಲ್ಲ. 2020ರಲ್ಲಿ ಬಂದ ಪೆಟ್ಟಿಗೆಗಳಲ್ಲಿ ಕೆಲವಕ್ಕೆ ಡಿಸ್ಕ್ ಹಾಕುವ ಬಾಯಿಯೂ ಇಲ್ಲ. ಆಟ ಬೇಕೆಂದರೆ ಪೆಟ್ಟಿಗೆ ಮಾಡಿದ ಕಂಪೆನಿಯ ಅಂಗಡಿಯಲ್ಲೇ ಕೊಳ್ಳಬೇಕು, ಮಾರಾಟದ ಹಣದಲ್ಲಿ ಸಾಮಾನ್ಯವಾಗಿ ನೂರಕ್ಕೆ 30 ಅದರ ಪಾಲು. ಕಂಪ್ಯೂಟರಿನಲ್ಲಾದರೆ ಹಾಗಲ್ಲ. ಒಂದು ಅಂಗಡಿಯಲ್ಲಿ ದುಬಾರಿಯಾದರೆ ಇನ್ನೊಂದನ್ನು ನೋಡಬಹುದು, ನಾವು ತರಕಾರಿಗೆ ನೋಡುವ ಹಾಗೆ. ಪೆಟ್ಟಿಗೆಗಳೂ ಕಂಪ್ಯೂಟರ್ ಆಟಗಳಿಗೆ, ಹೊರಗಿನ ಅಂಗಡಿಗಳಿಗೆ ತೆರೆದುಕೊಳ್ಳಲಿ ಎಂಬ ವಾದ ಹುಟ್ಟಿದ್ದು ಇದರಿಂದ. ಕಂಪೆನಿಗಳ ಉತ್ತರವೂ ಸುಳ್ಳಲ್ಲ: ಪೆಟ್ಟಿಗೆಯನ್ನು ಎಷ್ಟೋ ಸಲ ನಷ್ಟಕ್ಕೋ ಅಲ್ಪ ಲಾಭಕ್ಕೋ ಮಾರಿ, ಆಟಗಳಲ್ಲಿ ಅದನ್ನು ತುಂಬಿಕೊಳ್ಳುತ್ತಾರೆ. ಬಾಗಿಲು ತೆರೆದರೆ ಪೆಟ್ಟಿಗೆಯ ಬೆಲೆ ಏರೀತು. ಆದರೂ ಬಾಗಿಲು ಸ್ವಲ್ಪ ಸ್ವಲ್ಪವಾಗಿ ಸರಿಯುತ್ತಿದೆ. 2025ರ ಅಕ್ಟೋಬರಿನಲ್ಲಿ ಎಕ್ಸ್‌ಬಾಕ್ಸ್ ಹೆಸರು ಹೊತ್ತು ಬಂದ ಕೈಯಲ್ಲಿ ಹಿಡಿಯುವ ಯಂತ್ರ ವಿಂಡೋಸ್‌ನಲ್ಲೇ ನಡೆಯುವುದರಿಂದ, ಸ್ಟೀಮ್ ಎಂಬ ಬೇರೆ ಅಂಗಡಿಯ ಆಟಗಳೂ ಅದರಲ್ಲಿ ಓಡುತ್ತವೆ.

ಕಾಯುವವರ ಬೀಗ ಎಂದಾಗ ನನಗೆ ನೆನಪಾಗುವುದು ಮೂಡುಬಿದಿರೆ. ಧವಲಾ ಗ್ರಂಥಗಳ ತಾಳೆಗರಿಗಳನ್ನು ಅಲ್ಲಿನ ಬಸದಿ ಶತಮಾನಗಳ ಕಾಲ ಕಾಪಾಡಿತು. ಕಾಪಾಡಿದ್ದರಿಂದಲೇ ಅವು ಉಳಿದವು. ಆದರೆ ಜನಕ್ಕೆ ದಕ್ಕುತ್ತಿದ್ದದ್ದು ದರ್ಶನ ಮಾತ್ರ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡಲು ಒಪ್ಪಿದಾಗಲೂ ಪ್ರತಿ ಊರು ಬಿಟ್ಟು ಹೋಗಬಾರದಿತ್ತು. ನಕಲು ಮಾಡುತ್ತಿದ್ದ ಗಜಪತಿ ಶಾಸ್ತ್ರಿಗಳ ಜೊತೆಗೆ ಅವರ ಹೆಂಡತಿ ಲಕ್ಷ್ಮೀಬಾಯಿ ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ತೆಗೆದರು. ಅದು ಉತ್ತರದ ಸಹಾರನಪುರಕ್ಕೆ ಹೋಯಿತು. 1939ರಿಂದ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಗ್ರಂಥ ಅಚ್ಚಾಗತೊಡಗಿತು. ಆ ಹೆಂಗಸಿನ ಹೆಸರನ್ನು ನಮ್ಮ ಶಾಲೆಯ ಪುಸ್ತಕಗಳಲ್ಲಿ ನಾನು ಕಂಡದ್ದಿಲ್ಲ.

ಆಟದ ಪೆಟ್ಟಿಗೆಯ ಬೀಗಕ್ಕೆ ಬಸದಿಯಷ್ಟು ತಾಳ್ಮೆಯೂ ಇಲ್ಲ. 2023ರ ಮಾರ್ಚಿನಲ್ಲಿ ನಿಂಟೆಂಡೊ ತನ್ನ ಎರಡು ಹಳೆಯ ಯಂತ್ರಗಳ ಅಂಗಡಿಯನ್ನು ಮುಚ್ಚಿತು. ಅಲ್ಲಿ ಮಾತ್ರ ಸಿಗುತ್ತಿದ್ದ ಆಟಗಳನ್ನು ಹೊಸದಾಗಿ ಕೊಳ್ಳುವ ದಾರಿ ಅಂದಿಗೇ ಹೋಯಿತು. ಆದ್ದರಿಂದ ನನ್ನ ಪಕ್ಷ ತೆರೆಯುವವರದೇ. ಕಂಪೆನಿ ತನ್ನ ಅಂಗಡಿಯನ್ನು ಇಟ್ಟುಕೊಳ್ಳಲಿ, ಕಸ ಬಾರದಂತೆ ಅದನ್ನು ಶೋಧಿಸಲಿ, ಪೆಟ್ಟಿಗೆಯ ಬೆಲೆ ಒಂದಿಷ್ಟು ಏರಿದರೂ ಏರಲಿ. ನಾವು ದುಡ್ಡು ಕೊಟ್ಟು ಮನೆಗೆ ತಂದ ಮೇಲೆ ಪಕ್ಕದ ಅಂಗಡಿಯ ಆಟವನ್ನು ಅದರಲ್ಲಿ ಆಡಬಾರದೆನ್ನುವ ಹಕ್ಕು ಮಾತ್ರ ಅದಕ್ಕೆ ಬೇಡ. ಅಲ್ಲಿಯವರೆಗೆ, ದೀಪಾವಳಿಗೆ ಮಕ್ಕಳಿಗೆಂದು ಬಿ.ಸಿ. ರೋಡಿನಲ್ಲೋ ಮೂಡುಬಿದಿರೆಯಲ್ಲೋ ಪೆಟ್ಟಿಗೆ ಕೊಳ್ಳಹೊರಟ ತಾಯಂದಿರು, ಡಿಸ್ಕ್ ಹಾಕುವ ಬಾಯಿ ಇದೆಯೇ ಎಂದು ಮೊದಲು ಕೇಳಿ ನೋಡಿ. ಡಿಸ್ಕನ್ನಾದರೆ ಆಟ ಮುಗಿದ ಮೇಲೆ ಪಕ್ಕದ ಮನೆಯ ಮಗುವಿಗೆ ಕೊಡಬಹುದು.