ಊಟ ಒಂದು ನೆಪ: ‘ಮೀಲ್ಸ್ ಆನ್ ವೀಲ್ಸ್’ ಹುಟ್ಟಿದ ಕಥೆ



ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡೋಣ. ನೀವು ಬೆಂಗಳೂರಲ್ಲಿ ಕೆಲಸದಲ್ಲಿದ್ದೀರಿ ಅಂದ್ಕೊಳ್ಳಿ. ನಿಮ್ಮ ಅಜ್ಜಿ ಮೈಸೂರಲ್ಲಿ ಒಬ್ಬರೇ ಇದ್ದಾರೆ. ಫೋನ್ ಮಾಡಿದಾಗ ‘ಇವತ್ತು ಯಾಕೋ ಒಲೆ ಮುಂದೆ ನಿಲ್ಲೋಕೇ ಆಗ್ಲಿಲ್ಲ ಮಗಾ’ ಅಂತಾರೆ. ನೀವು ತಕ್ಷಣ ಆ್ಯಪ್ ತೆಗೆದು ಇಡ್ಲಿ ಆರ್ಡರ್ ಮಾಡ್ತೀರಿ. ಅರ್ಧ ಗಂಟೆಯಲ್ಲಿ ಪೊಟ್ಟಣ ಬಾಗಿಲಿಗೆ ಬರುತ್ತೆ. ತಂದುಕೊಟ್ಟ ಹುಡುಗನಿಗೆ ಮುಂದಿನ ಆರ್ಡರ್ ಕಾಯ್ತಾ ಇರುತ್ತೆ, ಅವನು ಓಡ್ತಾನೆ. ಅಜ್ಜಿಗೆ ಊಟ ಸಿಕ್ಕಿತು. ಆದರೆ ಅವರು ಹೇಗಿದ್ದಾರೆ ಅಂತ ಯಾರಾದರೂ ನೋಡಿದರಾ?

ಸುಮಾರು 80 ವರ್ಷಗಳ ಹಿಂದೆ, ವಯಸ್ಸಾದವರ ಮನೆ ಬಾಗಿಲಿಗೆ ಬಿಸಿ ಊಟ ಒಯ್ಯೋ ಕೆಲಸ ಶುರು ಮಾಡಿದವರಿಗೂ ಇದೇ ಪ್ರಶ್ನೆ ಎದುರಾಗಿತ್ತು. ಅವರು ಕಂಡುಕೊಂಡ ಉತ್ತರವೇ ಇವತ್ತಿನ ಕಥೆ.

ಬಾಂಬು, ರೇಷನ್ನು, ಮಗುವಿನ ಗಾಡಿ

1938ನೇ ಇಸವಿ. ಯುರೋಪಿನಲ್ಲಿ ಯುದ್ಧದ ಮೋಡ ಕವೀತಾ ಇದೆ. ಬ್ರಿಟನ್ನಿನಲ್ಲಿ ‘ವಿಮೆನ್ಸ್ ವಾಲಂಟರಿ ಸರ್ವೀಸ್’ ಅನ್ನೋ ಮಹಿಳಾ ಸ್ವಯಂಸೇವಕರ ಸಂಘಟನೆ ಹುಟ್ಟುತ್ತೆ. ಕಟ್ಟಿದವರು ಸ್ಟೆಲಾ ಐಸಾಕ್ಸ್, ಜನ ಕರೆಯೋ ಹೆಸರು ಲೇಡಿ ರೀಡಿಂಗ್. ಇವರಿಗೆ ಭಾರತದ ನಂಟೂ ಇತ್ತು. 1921ರಿಂದ 26ರವರೆಗೆ ಇಲ್ಲಿ ವೈಸ್‌ರಾಯ್ ಆಗಿದ್ದ ಲಾರ್ಡ್ ರೀಡಿಂಗ್ ಇದ್ದಾರಲ್ಲ, ಅವರ ಕಾಲದಲ್ಲೇ ಗಾಂಧೀಜಿಯವರ ಮೇಲೆ 1922ರಲ್ಲಿ ರಾಜದ್ರೋಹದ ಮೊಕದ್ದಮೆ ನಡೆದದ್ದು. ಆ ವೈಸ್‌ರಾಯ್ ಪತ್ನಿಯ ಕಾರ್ಯದರ್ಶಿಯಾಗಿ ಸ್ಟೆಲಾ ಭಾರತಕ್ಕೆ ಬಂದಿದ್ದರು. ಆ ಪತ್ನಿ ತೀರಿಕೊಂಡ ಮೇಲೆ, 1931ರಲ್ಲಿ, ಲಾರ್ಡ್ ರೀಡಿಂಗ್ ಅವರನ್ನೇ ಮದುವೆಯಾದರು.

ಈ ಸಂಘಟನೆ ಶುರುವಾದದ್ದು ಮುದುಕರಿಗಾಗಿ ಅಲ್ಲ, ವಿಮಾನದಾಳಿ ಎದುರಿಸೋಕೆ ಮಹಿಳೆಯರನ್ನ ಸಜ್ಜು ಮಾಡೋಕೆ. ದಾಳಿಯೂ ಬಂತು. 1940ರ ಸೆಪ್ಟೆಂಬರ್ 7ರಿಂದ ಲಂಡನ್ ಮೇಲೆ ಸತತ 57 ರಾತ್ರಿ ಬಾಂಬ್ ಬಿತ್ತು. ಮನೆ ಕಳೆದುಕೊಂಡವರಿಗೆ ಬಟ್ಟೆ, ಟೀ, ಊಟ ಹಂಚೋ ಕೆಲಸಕ್ಕೆ ಈ ಹಸಿರು ಸಮವಸ್ತ್ರದ ಹೆಂಗಸರು ನಿಂತರು.

ಊಟಕ್ಕೆ ಸರ್ಕಾರವೂ ಒಂದು ದಾರಿ ಮಾಡಿತ್ತು. ‘ಬ್ರಿಟಿಷ್ ರೆಸ್ಟೋರೆಂಟ್’ ಅಂತ ಕಡಿಮೆ ಬೆಲೆಯ ಸಾರ್ವಜನಿಕ ಊಟದ ಮನೆಗಳು. ನಮ್ಮ ಇಂದಿರಾ ಕ್ಯಾಂಟೀನ್ ನೆನಪಿಸ್ಕೊಳ್ಳಿ, ಹೆಚ್ಚುಕಡಿಮೆ ಅದೇ ಲೆಕ್ಕ. ಆದರೆ ಅಲ್ಲಿಗೆ ಹೋಗೋಕೆ ಕಾಲಲ್ಲಿ ಶಕ್ತಿ ಬೇಕು. ಮಂಡಿ ನೋವಿನ ಅಜ್ಜ, ಕಣ್ಣು ಮಂಜಾದ ಅಜ್ಜಿ ಏನು ಮಾಡ್ಬೇಕು? ಮಕ್ಕಳು ಯುದ್ಧಕ್ಕೆ ಹೋಗಿದ್ದಾರೆ, ಅಂಗಡಿಯಲ್ಲಿ ರೇಷನ್ ಸಾಲು ಬೇರೆ.

1943ರ ಹೊತ್ತಿಗೆ ಲಂಡನ್ನಿನ ಉತ್ತರಕ್ಕಿರೋ ಹರ್ಟ್‌ಫರ್ಡ್‌ಶೈರ್‌ನಲ್ಲಿ ಈ ಸ್ವಯಂಸೇವಕರು ಅಂಥವರ ಮನೆಗೇ ಊಟ ಒಯ್ಯತೊಡಗಿದರು. ಆಗ ಥರ್ಮಾಕೋಲ್ ಇರಲಿಲ್ಲ, ಡೆಲಿವರಿ ಬ್ಯಾಗೂ ಇರಲಿಲ್ಲ. ಪಾತ್ರೆ ಆರದಿರಲಿ ಅಂತ ಸುತ್ತ ಹುಲ್ಲು ತುಂಬಿ, ಮಗುವನ್ನ ಕೂರಿಸಿ ತಳ್ಳೋ ಹಳೇ ಗಾಡಿಯಲ್ಲಿಟ್ಟು ತಳ್ಳಿಕೊಂಡು ಹೋಗೋರು. ‘ಮೀಲ್ಸ್ ಆನ್ ವೀಲ್ಸ್’ ಅನ್ನೋ ಸೇವೆ ಹೀಗೆ ಹುಟ್ಟಿತು.

ಯುದ್ಧ ಮುಗೀತು, ಸೇವೆ ನಿಲ್ಲಲಿಲ್ಲ. 1948ರಲ್ಲಿ ಬಂದ ರಾಷ್ಟ್ರೀಯ ನೆರವಿನ ಕಾಯ್ದೆ, ವಯಸ್ಸಾದವರಿಗೆ ಊಟ ಮತ್ತು ಮನರಂಜನೆ ಒದಗಿಸೋ ಸ್ವಯಂಸೇವಾ ಸಂಸ್ಥೆಗಳಿಗೆ ಸ್ಥಳೀಯ ಆಡಳಿತ ಹಣ ಕೊಡಬಹುದು ಅಂತು. ಊಟದ ಜೊತೆಗೆ ಮನರಂಜನೆ ಅನ್ನೋ ಮಾತನ್ನೂ ಕಾನೂನಿನಲ್ಲೇ ಸೇರಿಸಿದರು. ಹೊಟ್ಟೆ ತುಂಬಿದರಷ್ಟೇ ಸಾಲದು ಅನ್ನೋದು ಕಾನೂನು ಬರೆದವರಿಗೂ ಗೊತ್ತಿತ್ತು.

ತಟ್ಟೆ ಹೊತ್ತ ಹುಡುಗರು

ಈಗ ಅಟ್ಲಾಂಟಿಕ್ ದಾಟೋಣ. 1954ರ ಜನವರಿ, ಅಮೆರಿಕದ ಫಿಲಡೆಲ್ಫಿಯಾ. ಮಾರ್ಗರೆಟ್ ಟಾಯ್ ಅನ್ನೋ ಸಮಾಜ ಕಾರ್ಯಕರ್ತೆ ಬ್ರಿಟನ್ನಿನ ಮಾದರಿಯನ್ನ ಅಲ್ಲಿ ಶುರು ಮಾಡ್ತಾರೆ. ಮನೆಯಿಂದ ಹೊರಗೆ ಬರೋಕಾಗದವರಿಗೆ ದಿನಕ್ಕೊಂದು ಪೌಷ್ಟಿಕ ಊಟ.

ಹಂಚಿದ್ದು ಯಾರು ಗೊತ್ತಾ? ಹೆಚ್ಚಿನವರು ಹೈಸ್ಕೂಲ್ ಹುಡುಗ ಹುಡುಗಿಯರು. ಸಾಮಾನು ತರೋದು, ಪೊಟ್ಟಣ ಕಟ್ಟೋದು, ಮನೆ ಮನೆಗೆ ತಲುಪಿಸೋದು ಎಲ್ಲಾ ಅವರೇ. ಜನ ಅವರಿಗೆ ‘ಪ್ಲ್ಯಾಟರ್ ಏಂಜಲ್ಸ್’ ಅಂತ ಹೆಸರಿಟ್ಟರು, ಅಂದ್ರೆ ತಟ್ಟೆ ಹೊತ್ತು ಬರೋ ದೇವತೆಗಳು. ಈ ಸಂಚಿಕೆ ಕೇಳ್ತಾ ಇರೋ ನಿಮ್ಮಲ್ಲಿ ಅನೇಕರಿಗಿಂತ ಚಿಕ್ಕವರು ಅವರು!

ಅದೇ ಹೊತ್ತಿಗೆ ಆಸ್ಟ್ರೇಲಿಯಾದಲ್ಲೂ ಈ ಕೆಲಸ ಶುರುವಾಗಿತ್ತು. 1952ರಲ್ಲಿ ಸೌತ್ ಮೆಲ್ಬರ್ನ್‌ನಲ್ಲಿ ನ್ಯಾನ್ಸಿ ಡಾಬ್ಸನ್ ಮೂರು ಚಕ್ರದ ಸೈಕಲ್ಲಿನಲ್ಲಿ ಊಟ ಹೊತ್ತು ಹೊರಟರು. ಅಡಿಲೇಡ್‌ನಲ್ಲಿ ಈ ಸಂಸ್ಥೆ ಕಟ್ಟಿದವರು ಡೋರಿಸ್ ಟೇಲರ್. ಸಣ್ಣವರಿದ್ದಾಗ ಬಿದ್ದು ಪೆಟ್ಟಾಗಿ, ಮುಂದೆ ಬದುಕನ್ನೆಲ್ಲ ಗಾಲಿಕುರ್ಚಿಯಲ್ಲೇ ಕಳೆದವರು. ಮುದುಕರು ಅಶಕ್ತರಾದ ಕೂಡಲೇ ಆಸ್ಪತ್ರೆಗೋ ಆಶ್ರಮಕ್ಕೋ ಹೋಗಬೇಕಾಗಿ ಬರಬಾರದು, ಸ್ವಂತ ಮನೆಯಲ್ಲೇ ಬಾಳಬೇಕು ಅನ್ನೋದು ಅವರ ಹಟ. 1954ರಲ್ಲಿ ಪೋರ್ಟ್ ಅಡಿಲೇಡ್‌ನ ಅಡುಗೆಮನೆಯಿಂದ ಅವರ ಮೊದಲ ಊಟ ಹೊರಬಿತ್ತು.

ಮೂರು ದೇಶದಲ್ಲೂ ಬಾಗಿಲು ತಟ್ಟಿದವರ ಕಣ್ಣಿಗೆ ಬಿದ್ದದ್ದು ಒಂದೇ. ನಿನ್ನೆಯ ಊಟ ಮುಟ್ಟದೆ ಹಾಗೇ ಇದೆ, ಅಂದ್ರೆ ಹುಷಾರಿಲ್ಲ. ಬಾಗಿಲು ತೆಗೆಯೋಕೆ ತಡವಾಯ್ತು, ಅಂದ್ರೆ ಬಿದ್ದಿರಬಹುದು. ಮಾತು ತೊದಲ್ತಾ ಇದೆ, ಡಾಕ್ಟರಿಗೆ ಹೇಳ್ಬೇಕು. ದಿನಾ ಬರೋ ಮನುಷ್ಯನಿಗೆ ಮಾತ್ರ ಕಾಣೋ ವಿಷಯಗಳಿವು. ಜೊತೆಗೆ ಎರಡು ಮಾತು, ಒಂದು ನಗು. ಎಷ್ಟೋ ಮನೆಗಳಲ್ಲಿ ಇಡೀ ದಿನಕ್ಕೆ ಕೇಳೋ ಹೊರಗಿನ ದನಿ ಅದೊಂದೇ. ಊಟ ಒಂದು ನೆಪ ಅನ್ನೋದು ಅದಕ್ಕೇ. ಬಾಗಿಲು ತಟ್ಟೋ ಕೈಯೇ ನಿಜವಾದ ಸೇವೆ.

ಅಮೆರಿಕ 1965ರಲ್ಲಿ ಹಿರಿಯರಿಗಾಗಿ ಒಂದು ಕಾಯ್ದೆ ತಂತು. 1972ರಲ್ಲಿ ಅದಕ್ಕೆ ಊಟದ ಯೋಜನೆ ಸೇರಿದಾಗ ಮೊದಲು ಒತ್ತು ಸಿಕ್ಕಿದ್ದು ಮನೆಗೆ ಕಳಿಸೋ ಊಟಕ್ಕಲ್ಲ, 60 ದಾಟಿದವರು ಒಟ್ಟಿಗೆ ಕೂತು ಊಟ ಮಾಡೋ ಕೇಂದ್ರಗಳಿಗೆ. ಮನೆಗೆ ಒಯ್ಯೋ ಊಟಕ್ಕೆ ಪ್ರತ್ಯೇಕ ಹಣ ಸಿಕ್ಕಿದ್ದು 1978ರಲ್ಲಿ.

ನಮ್ಮಲ್ಲಿ ಬಾಗಿಲು ತಟ್ಟಿದ್ದು ಯಾರು?

‘ಇದೆಲ್ಲ ಅವರ ಕಥೆ. ನಮ್ಮಲ್ಲಿ ಕೂಡು ಕುಟುಂಬ ಇತ್ತಲ್ವಾ?’ ಅಂತ ನೀವು ಕೇಳಬಹುದು. ಇತ್ತು, ಎಲ್ಲರಿಗೂ ಇರಲಿಲ್ಲ. ಮಕ್ಕಳಿಲ್ಲದವರು, ಗಂಡನನ್ನ ಕಳೆದುಕೊಂಡವರು, ಮಕ್ಕಳು ಗುಳೆ ಹೋದ ಮನೆಗಳು ಆಗಲೂ ಇದ್ದವು.

ಇಂಥವರಿಗೆ ಊಟ ಕೊಡೋ ಪ್ರಯತ್ನ ನಮ್ಮ ಪಕ್ಕದಲ್ಲೇ ನಡೆದಿದೆ. ತಮಿಳುನಾಡಿನಲ್ಲಿ ಎಂ.ಜಿ.ಆರ್ 1982ರಲ್ಲಿ ಮಕ್ಕಳ ಮಧ್ಯಾಹ್ನದ ಊಟದ ಯೋಜನೆಯನ್ನ ದೊಡ್ಡದು ಮಾಡಿದರು. 1983ರಲ್ಲಿ ಅದನ್ನ ವೃದ್ಧಾಪ್ಯ ಪಿಂಚಣಿದಾರರಿಗೂ ವಿಸ್ತರಿಸಿದರು.

ಕೇಂದ್ರ ಸರ್ಕಾರ ಹಿಡಿದದ್ದು ಹಣ ಮತ್ತು ಧಾನ್ಯದ ದಾರಿ. 1995ರ ಆಗಸ್ಟ್ 15ರಿಂದ, 65 ದಾಟಿದ ನಿರ್ಗತಿಕರಿಗೆ ತಿಂಗಳಿಗೆ 75 ರೂಪಾಯಿ. 2000ದಲ್ಲಿ ‘ಅನ್ನಪೂರ್ಣ’ ಯೋಜನೆ: ಪಿಂಚಣಿಗೆ ಅರ್ಹರಾಗಿದ್ದೂ ಸಿಗದೆ ಇದ್ದವರಿಗೆ ತಿಂಗಳಿಗೆ 10 ಕೆ.ಜಿ. ಧಾನ್ಯ ಉಚಿತ. 2001ರಲ್ಲಿ ಸುಪ್ರೀಂ ಕೋರ್ಟ್, ಆಹಾರದ ಹಕ್ಕಿನ ಪ್ರಕರಣದಲ್ಲಿ, ಈ ಎರಡನ್ನೂ ಜನರ ಹಕ್ಕುಗಳ ಪಟ್ಟಿಗೆ ಸೇರಿಸಿತು. ಕರ್ನಾಟಕದಲ್ಲಿ 2007ರಲ್ಲಿ ‘ಸಂಧ್ಯಾ ಸುರಕ್ಷಾ’ ಬಂತು, ಆಗ ತಿಂಗಳಿಗೆ 400 ರೂಪಾಯಿ.

ಇಷ್ಟು ಸರ್ಕಾರಿ ಲೆಕ್ಕ. ಆದರೆ ಈ ಹಣ ತಲುಪುತ್ತಾ ಇದ್ದದ್ದು ಹೇಗೆ? ನಮ್ಮ ಹಳ್ಳಿಗಳಲ್ಲಿ ಬಹಳ ಕಾಲ ಅದು ಮನಿಯಾರ್ಡರ್ ಮೂಲಕ, ಪೋಸ್ಟ್‌ಮ್ಯಾನ್ ಕೈಯಲ್ಲಿ ಬರ್ತಾ ಇತ್ತು. ಸೈಕಲ್ ಬೆಲ್ ಕೇಳಿದ ಕೂಡಲೇ ಜಗಲಿಯಿಂದ ಅಜ್ಜಿ ಕೂಗೋರು: ‘ನನ್ ದುಡ್ ಬಂತೇನಪ್ಪಾ?’ ಹೆಬ್ಬೆಟ್ಟು ಒತ್ತಿಸ್ಕೊಂಡು, ನೋಟು ಎಣಿಸಿಕೊಟ್ಟು, ‘ಕೆಮ್ಮು ವಾಸಿಯಾಯ್ತಾ ಅಜ್ಜೀ’ ಅಂತ ಕೇಳಿ ಮುಂದಕ್ಕೆ ಹೋಗೋರು. ಅಜ್ಜಿ ತೀರಿಕೊಂಡಿದ್ದರೆ, ಹಾಸಿಗೆ ಹಿಡಿದಿದ್ದರೆ, ಅದೂ ಅವರಿಗೆ ಮೊದಲು ಗೊತ್ತಾಗೋದು. ನಮ್ಮ ‘ಮೀಲ್ಸ್ ಆನ್ ವೀಲ್ಸ್’ ಆ ಸೈಕಲ್ಲೇ ಆಗಿತ್ತು ಅನ್ನಬಹುದು.

ಆ ವ್ಯವಸ್ಥೆಯನ್ನ ಹೊಗಳಿ ಅಟ್ಟಕ್ಕೇರಿಸೋದೂ ಬೇಡ. ಹಣ ತಿಂಗಳುಗಟ್ಟಲೆ ತಡವಾಗೋದಿತ್ತು. ‘ಕಾಫಿ ಕಾಸು’ ಅಂತ ಕೈ ಕಡಿತವೂ ಕೆಲವು ಕಡೆ ಇತ್ತು. ನೇರವಾಗಿ ಬ್ಯಾಂಕ್ ಖಾತೆಗೆ ಹಣ ಹಾಕೋ ಪದ್ಧತಿ ಬಂದಾಗ ಆ ಕಡಿತಕ್ಕೆ ಕಡಿವಾಣ ಬಿತ್ತು, ಒಳ್ಳೇದೇ. ಆದರೆ ತಿಂಗಳಿಗೊಮ್ಮೆ ಬಾಗಿಲಿಗೆ ಬರ್ತಾ ಇದ್ದ ಮನುಷ್ಯ ಬರೋದೂ ನಿಂತಿತು. ಈಗ ಅಜ್ಜಿಯೇ ಬ್ಯಾಂಕಿಗೆ ಹೋಗಬೇಕು, ಸವೆದ ಬೆರಳಿನ ಗುರುತು ಯಂತ್ರಕ್ಕೆ ಸಿಗದಿದ್ದರೆ ಮತ್ತೆ ಅಲೀಬೇಕು. ಹಣ ತಲುಪಿಸೋ ಲೆಕ್ಕದಲ್ಲಿ ನಾವು ಗೆದ್ದೆವು. ಆ ಭೇಟಿಗೆ ಮಾತ್ರ ಯಾವ ಕಡತದಲ್ಲೂ ಬೆಲೆ ಬರೆದಿರಲಿಲ್ಲ, ಹಾಗಾಗಿ ಕಳೆದುಹೋದದ್ದು ಯಾರ ಲೆಕ್ಕಕ್ಕೂ ಬರಲಿಲ್ಲ.

ಈ ಕೊರತೆ ತುಂಬೋ ಕೆಲಸವೂ ನಡೀತಾ ಇದೆ. ಬೆಂಗಳೂರಲ್ಲಿ 2002ರಲ್ಲಿ ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸೇರಿ ಹಿರಿಯರಿಗಾಗಿ 1090 ಸಹಾಯವಾಣಿ ಶುರು ಮಾಡಿದರು. 2021ರಲ್ಲಿ ದೇಶಕ್ಕೆಲ್ಲ ‘ಎಲ್ಡರ್ ಲೈನ್’ ಬಂತು. ನಂಬರ್ 14567, ಕರೆ ಉಚಿತ. ಪಿಂಚಣಿ, ಕಾನೂನು, ಮನೆಯವರ ಕಿರುಕುಳ, ಸುಮ್ಮನೆ ಮನಸ್ಸಿನ ಭಾರ, ಯಾವುದಕ್ಕೂ ಕರೆ ಮಾಡಬಹುದು. ಈ ನಂಬರನ್ನ ನಿಮ್ಮ ಫೋನಿನಲ್ಲಿ ಅಷ್ಟೇ ಅಲ್ಲ, ಅಜ್ಜಿಯ ಫೋನಿನಲ್ಲೂ ಸೇವ್ ಮಾಡಿಕೊಡಿ. ಗೋಡೆ ಮೇಲಿನ ಕ್ಯಾಲೆಂಡರ್ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದರೆ ಇನ್ನೂ ಒಳ್ಳೇದು.

ಫಿಲಡೆಲ್ಫಿಯಾದ ಆ ಹೈಸ್ಕೂಲ್ ಮಕ್ಕಳ ಹತ್ತಿರ ಆ್ಯಪ್ ಇರಲಿಲ್ಲ. ಇದ್ದದ್ದು ಮನೆಗಳ ಪಟ್ಟಿ, ತಪ್ಪದೆ ಹೋಗೋ ಅಭ್ಯಾಸ. ನಿಮ್ಮ ಬೀದಿಯಲ್ಲೂ ಒಬ್ಬರೇ ಇರೋ ಹಿರಿಯರು ಒಬ್ಬಿಬ್ಬರು ಇದ್ದೇ ಇರ್ತಾರೆ. ಮನೆಯಲ್ಲಿ ಪಲ್ಯ ಜಾಸ್ತಿ ಆಯ್ತು ಅನ್ನೋದು ಸಾಕಾದಷ್ಟು ದೊಡ್ಡ ನೆಪ. ಪಿಂಚಣಿ ಬರ್ತಾ ಇದೆಯಾ, ಕಳೆದ ತಿಂಗಳು ಖಾತೆಗೆ ಬಿತ್ತಾ, ಅದನ್ನೂ ಒಂದು ಮಾತು ಕೇಳಿ. ಮುಂದಿನ ವಾರವೂ ಹೋಗಿ.